ಹದಿನಾರನೇ ಡಬ್ಬಿ

ಗದಗಿನ್ಯಾಗ ಒಂದು ಥೇಟರು, ಬೆಟಗೇರ್ಯಾಗ ಒಂದು,
ಸಿನಿಮಾ ಮಾತ್ರ ಒಂದ.
ಅಲ್ಲಿ ಓಡಿ ಮುಗಿದ ರೀಲು ಇಲ್ಲಿ ಬಿಚ್ಚಬೇಕು.
ನಡುವ ನಾನು, ದಾವಲ್ಯಾ, ಹದಿನೈದರ ಹುಡುಗ,
ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ ತಗಡಿನ ಡಬ್ಬಿ,
ಡಬ್ಬ್ಯಾಗ ಅಕಿ, ಅಕಿ ಗಂಡ,
ಹೊಂದದ ಅವರ ಸಂಸಾರ.
ತೆಗ್ಗು ಬಂದಾಗ ಮಾತ್ರ ಇಬ್ಬರೂ ಕೂಡೇ ಕುಲುಕತಿದ್ರು.

ಮದುವಿ ಆಗೂದು ನೋಡಿದ್ದೆ.
ಊಟದ ತಾಟು ಗ್ವಾಡಿಗೆ ಬಡಿಯೂದು ನೋಡಿದ್ದೆ.
ನಡುರಾತ್ರಿ ಗಂಟು ಹಿಡಕೊಂಡು
ಅಕಿ ಹೊಸ್ತಿಲದಾಗ ನಿಂತದ್ದನ್ನ
ಬಾಗಲಾ ಪರದೆ ಸರಿಸಿ ನೋಡಿದ್ದೆ.
ಅಷ್ಟರಾಗ ಮ್ಯಾಲ ಬಲಮೂಲ್ಯಾಗ
ಸಾಸಿವಿಯಷ್ಟು ಬಿಳಿ ಚುಕ್ಕಿ ಮಿಣುಕತಿತ್ತು:
ರೀಲು ಮುಗೀತು, ಓಡು.
ಹದಿನಾರನೇದು ಬೆಟಗೇರಿಗೆ ಮುಟ್ಟಿಸಿದ ಕೂಡಲೇ
ಒಂದನೇದು ಹೊತ್ತು ಗದಗಿಗೆ ತಿರುಗಬೇಕು, ಎರಡನೇ ಆಟಕ್ಕ.
ಕಥಿ ಮುಗೀವಾಗ ದಿನಾ ನಾನು
ಅದರ ಸುರುವಾತು ಹೊತ್ತು ಪೆಡ್ಲು ತುಳೀತಿದ್ದೆ.

ತುಳಜಾಬಾಯಿ ನೇಕಾರ ಓಣಿಯಾಕಿ,
ರಾಮೂಸಾನ ಹೇಣ್ತಿ.
ಕೊನೀ ರೀಲಿನ ಹೊತ್ತಿಗೆ "ನಳ ಬಂತು" ಅಂತ ಯಾರೋ ಕೂಗಿ
ಹೆಂಗಸರ ಬಾಕು ಅರ್ಧ ಖಾಲಿ ಆತಂತ.
ಹದಿನೈದು ದಿನಕ್ಕೊಮ್ಮೆ ಬರೋ ನೀರು,
ಸಿನಿಮಾ ಏನು, ನಾಳೇನೂ ಇರ್ತೈತಿ.
ನಾಳೆ ಅಕಿಗೆ ಕಳಸವರು ಯಾರು?

ಮರುದಿನ ನೂಲಿನ ಲಡಿ ಬಿಸಲಿಗೆ ಹಾಕೋತ
ನನ್ನ ಸೈಕಲ್ ನಿಂದ್ರಿಸಿ ಕೇಳಿದ್ಲು:
"ಕೊನೀಕ ಏನಾತೋ ತಮ್ಮಾ?"
ತುಟಿ ಹಂತ್ಯಾಕ ಒಂದು ಕಲಿ, ಹಳದಿಗೆ ತಿರುಗಿದ್ದು.
ಗೊತ್ತಿಲ್ಲ ಅನ್ನಾಕ ನಾಚಿಕಿ ನನಗ.
"ತಿರುಗಿ ಬರ್ತಾಳ್ರಿ" ಅಂದೆ.
"ಹೌದಾ" ಅಂದ್ಲು,
ಲಡಿ ಝಾಡಿಸಿದ್ಲು.
ಬಣ್ಣದ ನೀರು ನನ್ನ ಮಾರಿಗೆ ಸಿಡೀತು.

ಎರಡು ದಿನಕ್ಕ ಪಾನಂಗಡಿ ಮುಂದ ರಾಮೂಸಾ:
"ಏ ಡಬ್ಬಿ, ಆ ಸಿನಿಮಾದಾಗ ಕೊನೀಕ ಏನಾತಲೇ?
ಮನ್ಯಾಗ ಅದ ಜಪಾ ನಡದೈತಿ."
ಡಬ್ಬಿ ಅಂದದ್ದಕ್ಕ ಸಿಟ್ಟು ಬಂದಿತ್ತು, ಅಷ್ಟ.
"ಹೋಗಿಬಿಡ್ತಾಳ," ಅಂದೆ, "ತಿರುಗಿ ಸೈತ ನೋಡೂದಿಲ್ಲ."
ಅಂವ ಅಡಕಿ ಅಗಿಯೂದು ಬಿಟ್ಟ.
ಅವತ್ತ ಸಂಜೀಕ ಅಕಿ ಟ್ರಂಕು ಅಟ್ಟಕ್ಕ ಏರಿಸಿ
ನಿಚ್ಚಣಿಕಿ ಒಯ್ದು ಮಂದಿ ಮನ್ಯಾಗ ಇಟ್ಟು ಬಂದನಂತ.

ಟ್ರಂಕಿಲ್ಲದನೂ ಹೋಗಬಹುದು ಅನ್ನೂದು
ಅಂವಗ ಹೊಳೀಲಿಲ್ಲ.
ನನಗೂ.

ಗುರುವಾರ, ಆ ಸಿನಿಮಾದ ಕಡೀ ದಿನ.
ಹಿಂದ ಹದಿನಾರನೇ ಡಬ್ಬಿ, ಮುಂದ ರೈಲ್ವೆ ಗೇಟು ಬಿದ್ದೈತಿ.
ಅತ್ತ ಬೆಟಗೇರ್ಯಾಗ ಮಂದಿ ಸೀಟಿ ಹೊಡ್ಯಾಕತ್ತಿದ್ದು
ಇಲ್ಲೇ ಕಿವ್ಯಾಗ ಕೇಳಿದಂಗ.
ಸೊಲ್ಲಾಪುರದ ಗಾಡಿ, ಮೀಟರ್ ಗೇಜಿಂದು, ನಿಧಾನ.
ಡಬ್ಬಿ ಎಣಿಸಿಕೋತ ನಿಂತೆ.
ಆರನೇದರ ಕಿಡಕ್ಯಾಗ ತುಳಜಾಬಾಯಿ.
ಚೀಲ ಇಲ್ಲ, ಗಂಟಿಲ್ಲ,
ನೂಲಿನ ಬಣ್ಣ ಹತ್ತಿದ ಬರಿಗೈ ಸರಳಿನ ಮ್ಯಾಲ.
ನನ್ನ ನೋಡಿದ್ಲು. ಹಿಂದಿನ ಡಬ್ಬಿ ನೋಡಿದ್ಲು.
ಏನೋ ಕೇಳಿದ್ಲು.
ಗಾಲಿ ಸಪ್ಪಳದಾಗ ತುಟಿ ಅಷ್ಟ ಕಂಡುವು.

ಆವತ್ತು ಸಿನಿಮಾ ಏಳು ನಿಮಿಷ ತಡಾ ಮುಗೀತು.
ಮಾಲಕ ನನ್ನ ಪಗಾರದಾಗ ಎಂಟಾಣೆ ಮುರಕೊಂಡ.

ಅಕಿ ಬಂದ್ಲೋ, ಅಲ್ಲೇ ಇನ್ನೊಂದು ಮಗ್ಗ ಹೂಡಿದ್ಲೋ,
ನನಗ ಗೊತ್ತಿಲ್ಲ. ಈಗ ಹಂಗ ಹೇಳಾಕ ನಾಚಿಕಿ ಇಲ್ಲ.
ಮರುವರ್ಷ ಅಪ್ಪಗ ಹುಬ್ಬಳ್ಳ್ಯಾಗ ಕೆಲಸ ಸಿಕ್ಕು
ನಾವೂ ಓಣಿ ಬಿಟ್ಟವಿ.

ಮೊನ್ನೆ ಮಧ್ಯಾನ ಟೀವ್ಯಾಗ ಅದ ಸಿನಿಮಾ.
ಅದ ರಾತ್ರಿ, ಅದ ಗಂಟು, ಹೊಸ್ತಿಲದಾಗ ಅಕಿ.
ಬಲಮೂಲ್ಯಾಗ ಚುಕ್ಕಿ ಮಿಣುಕಿತು.
ಮೊಣಕಾಲು ಹೋದ ಮುದುಕ ನಾನು, ಎದ್ದಬಿಟ್ಟೆ.
ಅಂಗಳಕ್ಕ ಬಂದ ಮ್ಯಾಲ ತಿಳೀತು, ಸೈಕಲ್ ಇಲ್ಲ.
ನಗು ಬಂತು.
ಒಳಗ ಹೋಗಾಕ ಮಾತ್ರ ಕಾಲು ಏಳಲಿಲ್ಲ.
ಸಂಗೀತ ಏರಿ, ಇಳದು,
ಸಬಕಾರದ ಜಾಹೀರಾತು ಸುರು ಆದ ಮ್ಯಾಲ ಹ್ವಾದೆ.
"ಕೊನೀಕ ಏನಾತವಾ?"
ಸೊಸಿ ಖಾತೂನಬಿ ಬಳ್ಳೊಳ್ಳಿ ಸುಲಿಯಾಕತ್ತಿದ್ಲು,
ತಲಿ ಎತ್ತಲಿಲ್ಲ.
"ತಿರುಗಿ ಬಂದ್ಲು ಬಿಡ್ರಿ" ಅಂದ್ಲು.

ಆ ದನಿ ನನಗ ಗುರ್ತಿತ್ತು.